ಮದುವೆಗೆ ಮುಂಚಿನ ಓಡಾಟ

ಕನ್ನಡದಲ್ಲಿ ಮದುವೆಗೆ ಎರಡು ಕ್ರಿಯಾಪದಗಳುಂಟು. ಹಿರಿಯರು ಮದುವೆ ಮಾಡುತ್ತಾರೆ. ಹುಡುಗ ಹುಡುಗಿ ಮದುವೆ ಆಗುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಮಾಡುವವರಿಗೆ ಹೇಳಿದ್ದು, ಆಗುವವರಿಗಲ್ಲ. ಆಗುವವರು ಎಣ್ಣೆನೀರು ಹಾಕಿಸಿಕೊಂಡು, ಹೊಸ ಬಟ್ಟೆ ಉಟ್ಟು, ಹಸೆಮಣೆಯ ಮೇಲೆ ಕೂತರೆ ಮುಗಿಯಿತು. ಛತ್ರ ಹಿಡಿಯುವುದು, ಜವಳಿ ತೆಗೆಯುವುದು, ಅಡುಗೆಯವರನ್ನು ಗೊತ್ತುಮಾಡುವುದು, ನೆಂಟರಿಷ್ಟರನ್ನು ಕರೆಯುವುದು ಎಲ್ಲವೂ ಅಪ್ಪ, ಸೋದರಮಾವ, ಚಿಕ್ಕಪ್ಪಂದಿರ ತಲೆಗೆ ಬರುತ್ತಿದ್ದ ಕೆಲಸ.

ನಗರಗಳಲ್ಲಿ ಈಗ ಆ ಗೆರೆ ಮಾಸಿದೆ. ಹುಡುಗ ಹುಡುಗಿ ಇಬ್ಬರೂ ನೌಕರಿಯಲ್ಲಿರುತ್ತಾರೆ, ಒಂದೇ ಊರಿನಲ್ಲಿರುತ್ತಾರೆ. ತಂದೆತಾಯಿ ಹಾಸನದಲ್ಲೋ ಗದಗದಲ್ಲೋ ಇರುತ್ತಾರೆ. ನಿಶ್ಚಿತಾರ್ಥ ಆದ ಮರುವಾರದಿಂದ ಶನಿವಾರ ಭಾನುವಾರಗಳೆಲ್ಲ ಮದುವೆಯ ಕೆಲಸಕ್ಕೇ ಮೀಸಲು. ಹಳೆ ಮೈಸೂರಿನವರು ಇದನ್ನು ಮದುವೆ ಓಡಾಟ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಮದುವಿ ಸಂತಿ. ಅದರಲ್ಲೇ ಬಂಗಾರದ ಸಂತಿ ಬೇರೆ, ಜವಳಿ ಸಂತಿ ಬೇರೆ. ಈ ಕೆಲಸಗಳಲ್ಲಿ ಯಾವುದೂ ಒಂದೊಂದಾಗಿ ನೋಡಿದರೆ ಕಷ್ಟದ್ದಲ್ಲ. ಆದರೆ ಒಂದು ಇನ್ನೊಂದಕ್ಕೆ ತಗುಲಿಕೊಂಡಿರುತ್ತದೆ. ದಿನ ಗೊತ್ತಾಗದೆ ಛತ್ರವಿಲ್ಲ, ಛತ್ರ ಸಿಗದೆ ಲಗ್ನಪತ್ರಿಕೆಯಿಲ್ಲ, ಪತ್ರಿಕೆ ಹಂಚುವ ಪಟ್ಟಿ ಆಗದೆ ಎಲೆಯ ಲೆಕ್ಕವಿಲ್ಲ. ಯಾವುದು ಮೊದಲು ಯಾವುದು ಆಮೇಲೆ ಎಂಬುದು ತಪ್ಪಿದರೆ ಓಡಾಟ ಇಮ್ಮಡಿಯಾಗುತ್ತದೆ, ಖರ್ಚೂ ಇಮ್ಮಡಿಯಾಗುತ್ತದೆ.

ಮೊದಲ ಕೆಲಸ ದಿನ ನೋಡುವುದು. ಪಂಚಾಂಗ ನೋಡುವ ಮನೆಗಳಲ್ಲಿ ವರ್ಷದ ಎಲ್ಲ ತಿಂಗಳುಗಳೂ ಮದುವೆಗೆ ಒದಗುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಪುಷ್ಯವನ್ನು ಶೂನ್ಯಮಾಸವೆಂದು ಬಿಡುತ್ತಾರೆ. ಗುರು ಅಥವಾ ಶುಕ್ರ ಸೂರ್ಯನ ಸಮೀಪಕ್ಕೆ ಸರಿದು ಕಾಣದಾಗುವ ಅಸ್ತಕಾಲವನ್ನು, ಅಂದರೆ ಮೌಢ್ಯದ ದಿನಗಳನ್ನೂ ಬಿಡುತ್ತಾರೆ. ಸುಮಾರು ಮೂವತ್ತೆರಡೂವರೆ ತಿಂಗಳಿಗೊಮ್ಮೆ ಬರುವ ಅಧಿಕಮಾಸವೂ ವರ್ಜ್ಯವೇ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬಿದ್ದಿದೆ. ಬೇಸಿಗೆ ರಜೆಯ ಮದುವೆಗಳಲ್ಲಿ ಹೆಚ್ಚಿನವು ಆ ವರ್ಷ ಏಪ್ರಿಲ್ ಮತ್ತು ಮೇ ಮೊದಲ ಪಕ್ಷಕ್ಕೆ ಒತ್ತರಿಸಿಕೊಳ್ಳಬೇಕಾಗುತ್ತದೆ. ಹೀಗೆ ಕಳೆದು ಉಳಿಯುವುದು ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ, ಶ್ರಾವಣ, ಕಾರ್ತೀಕ, ಮಾರ್ಗಶಿರಗಳ ಕೆಲವೇ ದಿನಗಳು. ಅದರಲ್ಲೂ ಭಾನುವಾರಕ್ಕೆ ಕೂಡಿಬರುವ ಮುಹೂರ್ತಗಳು ಬೆರಳೆಣಿಕೆಯಷ್ಟು. ಎಲ್ಲರ ಮದುವೆಯೂ ಅದೇ ದಿನಗಳಿಗೆ ಬೀಳುವುದರಿಂದ ಛತ್ರದ ಬಾಡಿಗೆ, ಹೂವಿನ ಬೆಲೆ, ಅಡುಗೆಯವರ ಕೂಲಿ, ಫೋಟೋದವರ ದರ ಎಲ್ಲವೂ ಏರುತ್ತವೆ. ಪುರೋಹಿತರಿಂದ ಒಂದೇ ದಿನವನ್ನು ಬರೆಸಿಕೊಳ್ಳದೆ ಮೂರು ನಾಲ್ಕು ದಿನಗಳನ್ನು ಬರೆಸಿಕೊಂಡು, ಆ ಚೀಟಿ ಹಿಡಿದು ಛತ್ರಕ್ಕೆ ಹೋಗುವುದು ಅನುಭವಸ್ಥರ ಕ್ರಮ.

ಹಳೆ ಮೈಸೂರಿನ ಕಡೆ ಛತ್ರವನ್ನು ಸಾಮಾನ್ಯವಾಗಿ ಹಿಂದಿನ ದಿನದ ಮಧ್ಯಾಹ್ನದಿಂದ ಮುಹೂರ್ತದ ದಿನದ ಸಂಜೆಯವರೆಗೆ ಕೊಡುತ್ತಾರೆ. ಮೊದಲ ದಿನ ಸಂಜೆ ಆರತಕ್ಷತೆ, ಮಾರನೆಯ ಬೆಳಿಗ್ಗೆ ಧಾರೆ. ಮುಹೂರ್ತಕ್ಕೆ ಮೊದಲೇ ಆರತಕ್ಷತೆ ನಡೆಯುವ ಈ ಪದ್ಧತಿ ಹುಟ್ಟಿದ್ದು ಶಾಸ್ತ್ರದಿಂದಲ್ಲ, ಛತ್ರದ ಬಾಡಿಗೆಯ ಲೆಕ್ಕದಿಂದ ಮತ್ತು ನೌಕರಿಯವರ ಅನುಕೂಲದಿಂದ. ಉತ್ತರ ಕರ್ನಾಟಕದಲ್ಲಿ ಅಕ್ಷತೆಯ ದಿನವೇ ಊಟ, ಉಡುಗೊರೆ, ಬೀಳ್ಕೊಡುಗೆ ಎಲ್ಲ ಮುಗಿಯುತ್ತದೆ. ಹಿಂದಿನ ದಿನದ ಅರಿಷಿಣ, ಸುರಗಿ ಮನೆಯ ಹಂದರದಲ್ಲೇ ಆಗುತ್ತವೆ.

ಛತ್ರದಲ್ಲಿ ಕೇಳಬೇಕಾದ್ದು ಬಾಡಿಗೆಯೊಂದನ್ನೇ ಅಲ್ಲ. ಬಾಡಿಗೆಯ ಹೊರಗೆ ವಿದ್ಯುತ್ತು, ಜನರೇಟರಿನ ಡೀಸೆಲ್, ಸ್ವಚ್ಛತೆ, ಅಡುಗೆ ಅನಿಲ, ಪಾತ್ರೆ, ನೀರಿನ ಟ್ಯಾಂಕರು ಎಂದು ಬೇರೆ ಬೇರೆ ಸಾಲುಗಳು ಕೊನೆಯ ಬಿಲ್ಲಿನಲ್ಲಿ ಬರುತ್ತವೆ. ವಿದ್ಯುತ್ತಿಗೆ ಮೀಟರಿನ ಲೆಕ್ಕ ಇರುವಲ್ಲಿ, ಬೀಗದ ಕೈ ಪಡೆಯುವಾಗ ಮೀಟರಿನ ಅಂಕಿಯನ್ನು ಬರೆದುಕೊಂಡು ಛತ್ರದವರ ಸಹಿ ಹಾಕಿಸಿಕೊಳ್ಳಬೇಕು. ಪಾತ್ರೆಗಳನ್ನು ಎಣಿಸಿ ಪಡೆದು ಎಣಿಸಿಯೇ ಒಪ್ಪಿಸಬೇಕು. ಹೊರಗಿನ ಅಡುಗೆಯವರನ್ನು, ಹೊರಗಿನ ಅಲಂಕಾರದವರನ್ನು ಬಿಡುತ್ತಾರೋ ಇಲ್ಲವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ ತಿಳಿಯಬೇಕು, ಏಕೆಂದರೆ ಮುಂದಿನ ಎರಡು ಆಯ್ಕೆಗಳು ಅದರ ಮೇಲೆ ನಿಂತಿವೆ. ಮದುವೆ ಮುರಿದುಬಿದ್ದರೆ ಮುಂಗಡದಲ್ಲಿ ಎಷ್ಟು ವಾಪಸು ಎಂಬುದು ರಸೀದಿಯ ಮೇಲೆ ಬರವಣಿಗೆಯಲ್ಲಿರಬೇಕು. ಆರತಕ್ಷತೆಗೆ ಸಂಗೀತ ಇಡಿಸುವವರು ಇನ್ನೊಂದು ನಿಯಮವನ್ನೂ ನೆನಪಿಡಬೇಕು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಛತ್ರದ ಹಿಂದೆಯೇ ಅಡುಗೆ. ಸಸ್ಯಾಹಾರಿ ಮದುವೆಗಳಲ್ಲಿ ಅಡುಗೆ ಭಟ್ಟರೊಡನೆ ಎರಡು ಬಗೆಯ ಒಪ್ಪಂದ ರೂಢಿಯಲ್ಲಿದೆ. ಹಳೆಯದು, ಸಾಮಾನು ಮನೆಯವರದು, ಕೆಲಸ ಭಟ್ಟರದು. ಭಟ್ಟರು ದಿನಸಿ ಪಟ್ಟಿ ಬರೆದುಕೊಡುತ್ತಾರೆ. ಉದ್ದನೆಯ ಹಾಳೆಯಲ್ಲಿ ಸಣ್ಣಕ್ಕಿ, ತೊಗರಿಬೇಳೆ, ಕಡಲೆಬೇಳೆ, ಸಕ್ಕರೆ, ರವೆ, ತುಪ್ಪ, ಗೋಡಂಬಿ, ದ್ರಾಕ್ಷಿ ಎಂದು ಆರಂಭವಾಗಿ ಬಾಳೆಎಲೆ, ತೆಂಗಿನಕಾಯಿ, ಹಪ್ಪಳ, ಒಗ್ಗರಣೆಯ ಇಂಗಿನವರೆಗೆ ಸಾಗುವ ಪಟ್ಟಿ ಅದು. ಅದರ ಕೊನೆಯಲ್ಲಿ ಬೆಂಕಿಪೊಟ್ಟಣ, ಪೊರಕೆ, ಒರೆಸುವ ಬಟ್ಟೆ, ಸಾರು ಸೋಸುವ ಪಂಚೆ ಕೂಡ ಇರುತ್ತವೆ. ಮನೆಯವರು ಮರೆತೇಬಿಡುವ ಸಾಮಾನುಗಳು ಇವೇ ಎಂದು ಭಟ್ಟರಿಗೆ ಗೊತ್ತು. ಎರಡನೆಯದು ಎಲೆ ಲೆಕ್ಕ: ಸಾಮಾನು, ಆಳು, ಬಡಿಸುವವರು ಎಲ್ಲ ಭಟ್ಟರದೇ, ಒಂದು ಎಲೆಗೆ ಇಷ್ಟು ಎಂದು ದರ. ನಗರಗಳಲ್ಲಿ ಈಗ ನಡೆಯುವುದು ಹೆಚ್ಚಾಗಿ ಇದೇ.

ಎಲೆ ಲೆಕ್ಕದಲ್ಲಿ ಜನ ಎಷ್ಟು ಬರಬಹುದೆಂಬ ಅಂದಾಜೇ ಹಣ. 300 ಪತ್ರಿಕೆ ಹಂಚಿ, ಪತ್ರಿಕೆಗೆ ಎರಡೂವರೆ ಜನ ಎಂದು ಹಿಡಿದರೆ 750 ಜನ. ಆದರೆ ಅವರೆಲ್ಲ ಎಲ್ಲ ಹೊತ್ತಿಗೂ ಬರುವುದಿಲ್ಲ. ಸಹೋದ್ಯೋಗಿಗಳು ಆರತಕ್ಷತೆಗೆ ಬಂದು ಹೋಗುತ್ತಾರೆ, ಬಂಧುಗಳು ಮುಹೂರ್ತಕ್ಕೆ ಬರುತ್ತಾರೆ, ತೀರ ಹತ್ತಿರದವರು ಎರಡು ದಿನದ ತಿಂಡಿ ಊಟ ಎಲ್ಲಕ್ಕೂ ಇರುತ್ತಾರೆ. ಹಾಗಾಗಿ ಒಂದೇ ಸಂಖ್ಯೆ ಹೇಳದೆ, ರಾತ್ರಿ ಊಟಕ್ಕೆ ಎಷ್ಟು, ಬೆಳಗಿನ ತಿಂಡಿಗೆ ಎಷ್ಟು, ಧಾರೆಯ ಊಟಕ್ಕೆ ಎಷ್ಟು ಎಂದು ಮೂರು ಸಂಖ್ಯೆಗಳನ್ನು ಬೇರೆಯಾಗಿ ಹೇಳಬೇಕು. ಭಟ್ಟರು ಕನಿಷ್ಠ ಇಷ್ಟು ಎಲೆ ಎಂದು ಹಿಡಿದೇ ಒಪ್ಪಿಕೊಳ್ಳುತ್ತಾರೆ. ಕಡಿಮೆ ಜನ ಉಂಡರೂ ಅಷ್ಟರ ಹಣ ಕೊಡಲೇಬೇಕು, ಹೆಚ್ಚಿಗೆ ಉಂಡರೆ ಎಣಿಸಿ ಕೊಡಬೇಕು. ಆದ್ದರಿಂದ ಕನಿಷ್ಠವನ್ನು ತುಸು ಕೆಳಗೇ ಇಡುವುದು ಜಾಣತನ. ಪಂಕ್ತಿ ಪಂಕ್ತಿಗೂ ಎಲೆ ಎಣಿಸಲು ನಂಬಿಕೆಯ ಒಬ್ಬರನ್ನು ನಿಲ್ಲಿಸುವ ಪದ್ಧತಿ ಇಂದಿಗೂ ಇದೆ. ಮಂಡ್ಯ, ಮೈಸೂರು, ರಾಮನಗರದ ಕಡೆ ಇನ್ನೊಂದು ಲೆಕ್ಕವೂ ಸೇರುತ್ತದೆ: ಮದುವೆಯಾದ ಮೇಲಿನ ಬೀಗರೂಟ. ಛತ್ರದ ಊಟ ಸಿಹಿಯೂಟವಾದರೆ ಬೀಗರೂಟ ಬಾಡೂಟ. ಅದಕ್ಕೆ ಅಡುಗೆಯವರು ಬೇರೆ, ಸ್ಥಳ ಬೇರೆ, ಕರೆಯುವವರ ಪಟ್ಟಿಯೂ ಬೇರೆ.

ಚಿನ್ನಕ್ಕೆ ಮದುವೆಯ ಓಡಾಟದಲ್ಲಿ ಸಮಯ ಕಡಿಮೆ, ಹಣ ಹೆಚ್ಚು. ಮಾಂಗಲ್ಯದ ರೂಪ ಜಿಲ್ಲೆಗೊಂದು, ಮನೆತನಕ್ಕೊಂದು. ಹಳೆ ಮೈಸೂರಿನ ಅನೇಕ ಮನೆಗಳಲ್ಲಿ ತಾಳಿಗೆ ಎರಡು ಬಟ್ಟಲು. ಒಂದನ್ನು ತವರಿನವರು, ಇನ್ನೊಂದನ್ನು ಗಂಡಿನ ಮನೆಯವರು ಮಾಡಿಸುತ್ತಾರೆ. ಕರಾವಳಿಯಲ್ಲಿ ಕರಿಮಣಿ ಸರವೇ ಮುಖ್ಯ. ಕೊಡವರಲ್ಲಿ ಹೆಣ್ಣಿಗೆ ಪತ್ತಾಕನ್ನು ಕಟ್ಟುವವಳು ತಾಯಿ, ಗಂಡನಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಎರಡೂ ಮನೆಯ ಹಿರಿಯ ಹೆಂಗಸರನ್ನು ಕೇಳಿ, ಅವರ ಕೊರಳಲ್ಲಿರುವುದರ ಚಿತ್ರ ತೆಗೆದುಕೊಂಡು ಹೋಗಬೇಕು. ಅಂಗಡಿಯವರು ತೋರಿಸುವುದು ಮಾರಾಟಕ್ಕೆ ಸಿದ್ಧವಿರುವ ಮಾದರಿಯನ್ನು, ಮನೆತನದ ಮಾದರಿಯನ್ನಲ್ಲ. ಮಾಡಿಸುವುದಾದರೆ ಅಕ್ಕಸಾಲಿಗರಿಗೆ ಎರಡು ಮೂರು ವಾರಗಳ ಬಿಡುವು ಬೇಕು.

ಚಿನ್ನದ ಬಿಲ್ಲನ್ನು ಓದುವುದಕ್ಕೂ ಕಲಿಯಬೇಕು. 22 ಕ್ಯಾರೆಟ್ಟಿನ ಆಭರಣದಲ್ಲಿ ಶೇಕಡಾ 91.6 ಭಾಗ ಅಪ್ಪಟ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಬೆರಕೆ. 20 ಗ್ರಾಮಿನ ಸರಕ್ಕೆ ಅಂಗಡಿಯವರು ಶೇಕಡಾ 10 ವೇಸ್ಟೇಜ್ ಹಾಕಿದರೆ 22 ಗ್ರಾಮಿನ ಬೆಲೆ ಕೊಟ್ಟಂತಾಯಿತು. ಅದರ ಮೇಲೆ ಶೇಕಡಾ 3 ಜಿಎಸ್‌ಟಿ ಸೇರಿದರೆ 22.66 ಗ್ರಾಮಿನ ಬೆಲೆ. ಕೈಗೆ ಬರುವುದು 20 ಗ್ರಾಮು, ಅದರೊಳಗಿನ ಅಪ್ಪಟ ಚಿನ್ನ 18.32 ಗ್ರಾಮು. ಚಿನ್ನದ ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಚೌಕಾಸಿಗೆ ಜಾಗವಿರುವುದು ವೇಸ್ಟೇಜ್ ಮತ್ತು ಮಜೂರಿಯಲ್ಲಿ ಮಾತ್ರ. ಕಲ್ಲು ಕೂರಿಸಿದ ಒಡವೆಯಾದರೆ ಕಲ್ಲಿನ ತೂಕ ಕಳೆದು ನಿವ್ವಳ ಚಿನ್ನದ ತೂಕವನ್ನು ಬೇರೆಯಾಗಿ ಬರೆಸಬೇಕು.

2021ರ ಜೂನ್‌ನಿಂದ ದೇಶದ ಬಹುಪಾಲು ಚಿನ್ನದ ಮಾರುಕಟ್ಟೆಗಳಲ್ಲಿ ಹಾಲ್‌ಮಾರ್ಕ್ ಹಂತ ಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಆಭರಣದ ಮೇಲೆ ಮೂರು ಗುರುತುಗಳು ಇರಲೇಬೇಕು: ಬಿಐಎಸ್ ಸಂಸ್ಥೆಯ ಮುದ್ರೆ, 22ಕೆ916 ಎಂಬಂತೆ ಶುದ್ಧತೆಯ ಅಂಕಿ, ಮತ್ತು ಎಚ್‌ಯುಐಡಿ ಎಂಬ ಆರು ಅಕ್ಷರ–ಅಂಕಿಗಳ ಸಂಕೇತ. ಆ ಸಂಕೇತವನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಒಡವೆಯ ಶುದ್ಧತೆ, ಅದನ್ನು ಪರೀಕ್ಷಿಸಿದ ಕೇಂದ್ರದ ವಿವರ ಅಂಗಡಿಯಲ್ಲಿ ನಿಂತಲ್ಲೇ ತಿಳಿಯುತ್ತದೆ. 2 ಗ್ರಾಮಿಗಿಂತ ಕಡಿಮೆ ತೂಕದ ವಸ್ತುಗಳಿಗೆ ಈ ಕಡ್ಡಾಯ ಇಲ್ಲ. ತಾಳಿಯ ಗುಂಡು, ಮೂಗುಬೊಟ್ಟಿನಂಥವು ಈ ಮಿತಿಯೊಳಗೇ ಬರುವುದರಿಂದ ಅವನ್ನು ಕೊಳ್ಳುವಾಗ ಬಿಲ್ಲಿನ ಮೇಲೆ ಕ್ಯಾರೆಟ್ ಬರೆಸುವುದೊಂದೇ ರಕ್ಷಣೆ. ನಗದಿನ ವಿಷಯದಲ್ಲೂ ಮಿತಿಯಿದೆ: ಆದಾಯ ತೆರಿಗೆ ಕಾನೂನಿನ ಪ್ರಕಾರ ಒಂದೇ ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದನ್ನು ಯಾರೂ ಪಡೆಯುವಂತಿಲ್ಲ. ಈ ಮಿತಿ ಚಿನ್ನದಂಗಡಿಗೆ ಮಾತ್ರವಲ್ಲ, ಛತ್ರಕ್ಕೂ ಅಡುಗೆಯವರಿಗೂ ಅನ್ವಯಿಸುತ್ತದೆ.

ಜವಳಿಯ ಕತೆ ಚಿನ್ನಕ್ಕೆ ತದ್ವಿರುದ್ಧ. ಇಲ್ಲಿ ಹಣಕ್ಕಿಂತ ಸಮಯ ಹೆಚ್ಚು. ಬೆಂಗಳೂರಿನಲ್ಲಿ ಜವಳಿ ತೆಗೆಯುವುದೆಂದರೆ ಇಂದಿಗೂ ಬಹಳ ಮಂದಿಗೆ ಚಿಕ್ಕಪೇಟೆಯೇ. 2017ರಲ್ಲಿ ಹಸಿರು ಮಾರ್ಗದ ಮೆಟ್ರೋ ಅಲ್ಲಿಗೆ ಬಂದ ಮೇಲೆ ಗಾಡಿ ನಿಲ್ಲಿಸುವ ಪಾಡು ತಪ್ಪಿತು, ಗಂಟು ಹೊತ್ತು ನಡೆಯುವ ಪಾಡು ಉಳಿಯಿತು. ಅಂಗಡಿಯೊಳಗೆ ಬಿಳಿ ಹಾಸಿನ ಮೇಲೆ ಎರಡು ಮನೆಯ ಹೆಂಗಸರು ಕೂರುತ್ತಾರೆ. ಮಾರುವವರು ಸೀರೆಯನ್ನು ಬಿಚ್ಚಿ, ಸೆರಗನ್ನು ತಮ್ಮ ಭುಜದ ಮೇಲೇ ಹೊದ್ದು ತೋರಿಸುತ್ತಾರೆ. ಮೊದಲ ಹತ್ತು ಸೀರೆಗಳಲ್ಲಿ ಯಾವುದನ್ನೂ ಯಾರೂ ಒಪ್ಪುವುದಿಲ್ಲ. ಕಡೆಗೆ ಹುಡುಗಿ ಆರಿಸಿದ ಬಣ್ಣ ಕನ್ನಡಿಯ ಎದುರಿನ ದೀಪದಲ್ಲಿ ಒಂದು, ಬೀದಿಯ ಬಿಸಿಲಲ್ಲಿ ಇನ್ನೊಂದು ಎಂದು ತಿಳಿದವರು ಸೀರೆಯನ್ನು ಬಾಗಿಲ ಬಳಿಗೆ ಒಯ್ದು ಹಗಲ ಬೆಳಕಿನಲ್ಲಿ ನೋಡುತ್ತಾರೆ. ಧಾರೆ ಹಗಲಲ್ಲಿ, ಆರತಕ್ಷತೆ ದೀಪದಲ್ಲಿ. ಯಾವ ಸೀರೆ ಯಾವುದಕ್ಕೆ ಎಂಬುದನ್ನು ಅದೇ ಬೆಳಕಿನಲ್ಲಿ ತೀರ್ಮಾನಿಸುವುದು ಸರಿ.

ಕರ್ನಾಟಕದ ಮದುವೆಗೆ ಕರ್ನಾಟಕದಲ್ಲೇ ನೇಯ್ದ ಸೀರೆಗಳಿಗೆ ಕೊರತೆಯಿಲ್ಲ. ಮೈಸೂರಿನ ರೇಷ್ಮೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದದ್ದು. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿರುವ ಅಲ್ಲಿನ ಸೀರೆಯ ಜರಿಯಲ್ಲಿ ಶೇಕಡಾ 65 ಬೆಳ್ಳಿ, ಶೇಕಡಾ 0.65 ಚಿನ್ನ ಇರುತ್ತದೆ ಎಂದು ನಿಗಮ ಹೇಳುತ್ತದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಮಗ್ಗದಲ್ಲೇ ಜೋಡಿಸುತ್ತಾರೆ, ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಯ ಸಾಲು ಅದರ ಗುರುತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆಯೂ ಮದುವೆಗೆ ಹೆಸರಾದದ್ದು. ಎಲ್ಲಿಯ ಸೀರೆಯೇ ಆಗಲಿ, ಅಪ್ಪಟ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಎಂದು ನೋಡಬೇಕು. ಮನೆಯಲ್ಲೂ ಒಂದು ಪರೀಕ್ಷೆಯುಂಟು: ಅಂಚಿನ ಒಂದೆಳೆಯನ್ನು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಸೀರೆ ಕೊಂಡ ದಿನ ಜವಳಿಯ ಅರ್ಧ ಕೆಲಸ ಮಾತ್ರ ಮುಗಿಯುತ್ತದೆ. ಫಾಲ್ ಹೊಲಿಸಬೇಕು, ಅಂಚಿಗೆ ಜಿಗ್‌ಜಾಗ್ ಹಾಕಿಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು, ರವಿಕೆ ಹೊಲಿಸಬೇಕು. ಕುಚ್ಚು ಕೈಕೆಲಸ, ಮದುವೆಯ ತಿಂಗಳಲ್ಲಿ ವಾರಗಟ್ಟಲೆ ಕಾಯಿಸುತ್ತಾರೆ. ಕಸೂತಿಯ ರವಿಕೆಗೆ ಇನ್ನೂ ಹೆಚ್ಚು. ರವಿಕೆಯ ಬಟ್ಟೆ ಸೀರೆಯ ತುದಿಯಲ್ಲೇ ಇರುವುದರಿಂದ, ಅದನ್ನು ಕತ್ತರಿಸುವ ತನಕ ಫಾಲೂ ಆಗದು ಕುಚ್ಚೂ ಆಗದು. ಮದುವೆಗೆ ಎರಡು ತಿಂಗಳು ಮುಂಚೆ ಜವಳಿ ತೆಗೆಯಬೇಕು ಎಂಬ ಹಿರಿಯರ ಮಾತಿನ ಹಿಂದೆ ಇರುವುದು ಈ ಹೊಲಿಗೆಯ ಲೆಕ್ಕವೇ. ಗಂಡಿನ ಕಡೆ ಕೆಲಸ ಕಡಿಮೆ: ಪಂಚೆ, ಶಲ್ಯ, ಪೇಟ, ಆರತಕ್ಷತೆಯ ಉಡುಪು. ಆದರೆ ಹತ್ತಿರದ ಬಂಧುಗಳಿಗೆ ಕೊಡುವ ಸೀರೆ ಪಂಚೆಗಳ ಪಟ್ಟಿ, ಉತ್ತರ ಕರ್ನಾಟಕದವರ ಮಾತಿನಲ್ಲಿ ಆಹೇರಿ, ಎರಡೂ ಮನೆಗೆ ಸಮಾನ ತಲೆನೋವು. ಈ ಪಟ್ಟಿಯಲ್ಲಿ ಒಬ್ಬ ಅತ್ತೆಯ ಹೆಸರು ಬಿಟ್ಟುಹೋದರೆ ಆ ಮಾತು ಮಗುವಿನ ನಾಮಕರಣದವರೆಗೂ ನಡೆಯುತ್ತದೆ.

ಲಗ್ನಪತ್ರಿಕೆ ಅಚ್ಚಿಗೆ ಹೋಗುವುದು ದಿನ, ಛತ್ರ, ವೇಳೆ ಮೂರೂ ಗಟ್ಟಿಯಾದ ಮೇಲೆ. ಪತ್ರಿಕೆಯ ಒಡಲು ಬಹುಮಟ್ಟಿಗೆ ಒಂದೇ: ಮೇಲೆ ಮನೆದೇವರ ಹೆಸರು, ಕೆಳಗೆ ಸಂವತ್ಸರ, ಮಾಸ, ಪಕ್ಷ, ತಿಥಿ, ನಕ್ಷತ್ರ, ಲಗ್ನ, ಚಿರಂಜೀವಿ, ಚಿರಂಜೀವಿ ಸೌಭಾಗ್ಯವತಿ ಎಂದು ವಧೂವರರು, ಕೊನೆಗೆ ಸುಖಾಗಮನ ಬಯಸುವವರ ಸಾಲು. ತಪ್ಪುಗಳು ನುಸುಳುವುದು ತಿಥಿಯಲ್ಲಿ ಮತ್ತು ಹೆಸರುಗಳಲ್ಲಿ. ವಧೂವರರ ಹೆಸರನ್ನು ಆಧಾರ್ ಚೀಟಿಯಲ್ಲಿರುವಂತೆಯೇ ಅಚ್ಚು ಮಾಡಿಸುವುದು ಒಳ್ಳೆಯದು. ಮುಂದೆ ನೋಂದಣಿ ಕಚೇರಿಯಲ್ಲಿ ಈ ಪತ್ರಿಕೆಯನ್ನೇ ಮದುವೆಯ ದಾಖಲೆಯಾಗಿ ಕೇಳುತ್ತಾರೆ. ಮನೆಯಲ್ಲಿ ಕರೆಯುವ ಮುದ್ದು ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿಸಿದವರು ಅಲ್ಲಿ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ. ಅಚ್ಚಿನ ಮೊದಲ ಕರಡನ್ನು ಎರಡೂ ಮನೆಯ ಒಬ್ಬೊಬ್ಬರು ಬೆರಳಿಟ್ಟು ಓದಬೇಕು.

ಅಚ್ಚಾಗಿ ಬಂದ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಮೊದಲನೆಯದನ್ನು ಮನೆದೇವರ ಮುಂದಿಡುತ್ತಾರೆ. ಆಮೇಲೆ ಕರೆಯುವ ಕೆಲಸ. ವಾಟ್ಸ್‌ಆ್ಯಪಿನಲ್ಲಿ ಪತ್ರಿಕೆಯ ಚಿತ್ರ ಕಳಿಸುವುದು ಈಗ ಸಾಮಾನ್ಯ. ಆದರೂ ಹಿರಿಯರ ಮನೆಗೆ ಹೋಗಿ, ಕುಂಕುಮ ಕೊಟ್ಟು, ಅಕ್ಷತೆಯ ಜೊತೆ ಪತ್ರಿಕೆ ಕೈಗಿಟ್ಟು ಕರೆದರೇ ಕರೆದಂತೆ. ಒಂದು ಮನೆಗೆ ಹೋದರೆ ಕಾಫಿ ಕುಡಿಯದೆ ಎದ್ದು ಬರುವಂತಿಲ್ಲ, ಹಾಗಾಗಿ ಒಂದು ಭಾನುವಾರಕ್ಕೆ ಐದಾರು ಮನೆ ಆದರೆ ಹೆಚ್ಚು. ಊರಿನ ದಿಕ್ಕುಗಳಂತೆ ಮನೆಗಳನ್ನು ವಿಂಗಡಿಸಿ, ಜಯನಗರದ ಕಡೆ ಒಂದು ದಿನ, ಮಲ್ಲೇಶ್ವರದ ಕಡೆ ಒಂದು ದಿನ ಎಂದು ಹೋಗುವುದರಿಂದ ಅರ್ಧ ಓಡಾಟ ಉಳಿಯುತ್ತದೆ.

ಮದುವೆಗೆ ಹದಿನೈದು ದಿನ ಇರುವಾಗ ಪುರೋಹಿತರ ಪಟ್ಟಿ ಬರುತ್ತದೆ, ಅದು ಗ್ರಂಧಿಗೆ ಅಂಗಡಿಯ ಪಾಲು. ಅರಿಶಿನದ ಕೊಂಬು, ಅರಿಶಿನದ ದಾರ, ಬಟ್ಟಲಡಿಕೆ, ಕೊಬ್ಬರಿ ಗಿಟುಕು, ಉತ್ತುತ್ತೆ, ಕಲ್ಲುಸಕ್ಕರೆ, ಕರ್ಪೂರ, ಬೆಂಡಿನ ಬಾಸಿಂಗ, ಕಂಕಣದ ದಾರ, ಅಂತರಪಟದ ಬಟ್ಟೆ, ಮುಹೂರ್ತದ ಹೊತ್ತಿಗೆ ಬೇಕಾಗುವ ಜೀರಿಗೆ ಬೆಲ್ಲ. ಕಾಶಿಯಾತ್ರೆಯ ಶಾಸ್ತ್ರ ಇರುವ ಮನೆಯವರಿಗೆ ಛತ್ರಿ ಮತ್ತು ಕೋಲು. ಬೆಲೆಯಲ್ಲಿ ಇವೆಲ್ಲ ಅಲ್ಪ, ಆದರೆ ಮಂಟಪದಲ್ಲಿ ನೆನಪಾದರೆ ಸಿಗುವುದಿಲ್ಲ. ಇವನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿ, ಪಟ್ಟಿಯನ್ನು ಮುಚ್ಚಳದ ಒಳಗೆ ಅಂಟಿಸಿ, ಪೆಟ್ಟಿಗೆಯನ್ನು ಒಬ್ಬರ ವಶಕ್ಕೆ ಕೊಟ್ಟುಬಿಡುವುದು ವಾಡಿಕೆ. ಹೂವು ಮಾತ್ರ ಮೊದಲೇ ತಂದಿಡುವಂಥದ್ದಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಬೆಳಕು ಹರಿಯುವ ಮೊದಲೇ ಬಿಸಿಯೇರಿರುತ್ತದೆ. ಉಡುಪಿಯ ಕಡೆಯ ಶಂಕರಪುರ ಮಲ್ಲಿಗೆಯನ್ನು ಚೆಂಡು, ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ದರ ದಿನದಿನಕ್ಕೂ ಬೇರೆ, ಮುಹೂರ್ತದ ದಿನಗಳಲ್ಲಿ ಅದು ಮೇಲೆಯೇ.

ಮತ ಬದಲಾದಂತೆ ಪಟ್ಟಿಯೂ ಬದಲಾಗುತ್ತದೆ. ಕ್ಯಾಥೊಲಿಕರಲ್ಲಿ ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಓದಿಸಬೇಕು, ವಧೂವರರು ವಿವಾಹ ಪೂರ್ವ ತರಗತಿಗೆ ಹೋಗಿ ಪ್ರಮಾಣಪತ್ರ ತರಬೇಕು. ಮಂಗಳೂರಿನ ಕಡೆಯವರಿಗೆ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ತೆಂಗಿನಹಾಲು ಸಿದ್ಧವಿರಬೇಕು. ಮುಸ್ಲಿಮರಲ್ಲಿ ಮಹರಿನ ಮೊತ್ತ ನಿಶ್ಚಯವಾಗಿ, ನಿಕಾಹ್‌ನಾಮೆಗೆ ವಧೂವರರ ಮತ್ತು ಸಾಕ್ಷಿಗಳ ಸಹಿ ಆಗಬೇಕು.

ಈ ಇಡೀ ಓಡಾಟವನ್ನೇ ಬೇಡವೆಂದವರೂ ಕರ್ನಾಟಕದಲ್ಲಿದ್ದಾರೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಮುಹೂರ್ತವಿಲ್ಲ, ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರದ ಊಟವಿಲ್ಲ. ಹಿರಿಯರೊಬ್ಬರು ಸಂಹಿತೆಯನ್ನು ಓದುತ್ತಾರೆ, ವಧೂವರರು ಅದನ್ನು ಒಪ್ಪಿ ಹೇಳುತ್ತಾರೆ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಹೀಗೇ ನಡೆಯಿತು, ಆಮೇಲೆ ನಾಡಿನ ಅನೇಕರು ಆ ದಾರಿ ಹಿಡಿದರು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹದಲ್ಲಿ ಸೀರೆ, ಪಂಚೆ, ಮಾಂಗಲ್ಯ, ಊಟ ಎಲ್ಲವೂ ಕ್ಷೇತ್ರದ್ದೇ. ವಧೂವರರ ಪಾಲಿನ ಓಡಾಟ ವಯಸ್ಸಿನ ಮತ್ತು ವಿಳಾಸದ ದಾಖಲೆ ಒದಗಿಸುವುದಕ್ಕೆ ನಿಲ್ಲುತ್ತದೆ.

ಅದ್ದೂರಿಯಾಗಲಿ ಸರಳವಾಗಲಿ, ಯಾವ ಮದುವೆಯೂ ತಪ್ಪಿಸಿಕೊಳ್ಳಲಾಗದ್ದು ಕಾನೂನಿನ ಕೆಲಸ. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರ ಕಾಯ್ದೆಯ ಪ್ರಕಾರ ಅಪರಾಧ. ಶಿಕ್ಷೆ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಪ್ರೀತಿಯಿಂದ ಬಂದ ಉಡುಗೊರೆಗಳಿಗೂ ಪಟ್ಟಿ ಇರಬೇಕೆಂದು 1985ರ ನಿಯಮಗಳು ಹೇಳುತ್ತವೆ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಬಳಿ, ವರನಿಗೆ ಬಂದದ್ದರ ಪಟ್ಟಿ ವರನ ಬಳಿ. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಬರೆದು ಇಬ್ಬರೂ ಸಹಿ ಮಾಡಬೇಕು. ಮುಯ್ಯಿ ಬರೆಯುವ ಪುಸ್ತಕ ಮದುವೆಮನೆಗೆ ಹೊಸದಲ್ಲ. ಅದರ ಪಕ್ಕದಲ್ಲೇ ಈ ಪಟ್ಟಿಯನ್ನೂ ಬರೆಯಬಹುದು.

ಇಬ್ಬರ ಮತ ಬೇರೆಯಾಗಿದ್ದರೆ, ಅಥವಾ ಶಾಸ್ತ್ರವೇ ಬೇಡವೆಂದಿದ್ದರೆ, 1954ರ ವಿಶೇಷ ವಿವಾಹ ಕಾಯ್ದೆಯ ಮೊರೆಹೋಗಬೇಕು. ಆಗ ನೋಂದಣಿ ಕಚೇರಿಯ ಕೆಲಸ ಎಲ್ಲಕ್ಕಿಂತ ಮೊದಲು ಬರುತ್ತದೆ. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹ ಅಧಿಕಾರಿಗೆ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಪ್ರಕಟಿಸಿ 30 ದಿನ ಆಕ್ಷೇಪಣೆಗೆ ಬಿಡುತ್ತಾರೆ. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಮತ್ತೆ ಹೊಸ ನೋಟಿಸು ಕೊಡಬೇಕು. ಛತ್ರಕ್ಕೆ ಮುಂಗಡ ಕೊಟ್ಟು ಆಮೇಲೆ ನೋಟಿಸಿಗೆ ಹೋದವರು ದಿನ ಹೊಂದದೆ ಪರದಾಡುವುದು ಇದರಿಂದಲೇ.

ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದರ ಪ್ರಕಾರ ಮದುವೆ ಆಯಾ ಕುಲಾಚಾರದ ವಿಧಿಯಂತೆ ನಡೆಯಬೇಕು. ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. ನೋಂದಣಿ ಆಮೇಲಿನದು. ಯಾವ ವಿಧಿಯೂ ನಡೆಯದೆ ಬರಿಯ ಪ್ರಮಾಣಪತ್ರದಿಂದ ಹಿಂದೂ ಮದುವೆ ಆದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಸ್ಪಷ್ಟಪಡಿಸಿತು. ಹಾಗೆಯೇ ವಿಧಿಯಂತೆ ಆದ ಎಲ್ಲ ಮದುವೆಗಳನ್ನೂ ನೋಂದಾಯಿಸುವಂತಾಗಬೇಕೆಂದು ಅದೇ ನ್ಯಾಯಾಲಯ 2006ರಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತ್ತು. ನೋಂದಣಿಗೆ ಬೇಕಾಗುವುದು ಇಷ್ಟೇ: ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಜೋಡಿಯ ಭಾವಚಿತ್ರ, ಲಗ್ನಪತ್ರಿಕೆ, ಮೂವರು ಸಾಕ್ಷಿಗಳು. ಕಾವೇರಿ ತಂತ್ರಾಂಶದ ಮೂಲಕ ಮನೆಯಿಂದಲೇ ಅರ್ಜಿ ಹಾಕುವ ಏರ್ಪಾಡು ಕರ್ನಾಟಕದಲ್ಲಿ 2024ರಿಂದ ಇದೆ.

ತಿಂಗಳುಗಟ್ಟಲೆ ಓಡಾಡಿದ ಜೋಡಿಗಳು ಸಾಮಾನ್ಯವಾಗಿ ಮುಂದಕ್ಕೆ ಹಾಕುವುದು ಈ ಒಂದು ಕೆಲಸವನ್ನೇ. ಬ್ಯಾಂಕಿನ ಜಂಟಿ ಸಾಲ, ಪಾಸ್‌ಪೋರ್ಟು, ವಿದೇಶದ ವೀಸಾ, ವಿಮೆ, ಪಿಂಚಣಿ, ಆಸ್ತಿಯ ಹಕ್ಕು ಇವುಗಳಲ್ಲಿ ಯಾವುದಾದರೂ ಎದುರಾದಾಗ ಅದು ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಸಾಕ್ಷಿಗಳು ಒಂದೊಂದು ಊರಿನಲ್ಲಿರುತ್ತಾರೆ, ಲಗ್ನಪತ್ರಿಕೆಯ ಒಂದು ಪ್ರತಿಯೂ ಮನೆಯಲ್ಲಿ ಉಳಿದಿರುವುದಿಲ್ಲ. ಬಂಧುಗಳು ಊರಿಗೆ ಮರಳುವ ಮೊದಲೇ ಅವರಲ್ಲಿ ಮೂವರನ್ನು ಕರೆದುಕೊಂಡು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿಬಂದರೆ ಪಟ್ಟಿಯ ಕೊನೆಯ ಸಾಲಿಗೂ ಗೀಟು ಬೀಳುತ್ತದೆ.